ದಾರಿ ನಡೆಯುವಾಗ ಕಲಿಸತಕ್ಕ ಪಾಠ

(ಹೆತ್ತವರಿಗೂ ಸಂಡೇಸ್ಕೂಲಿನ ಉಪಾಧ್ಯಾಯರಿಗೂ. ಓದತಕ್ಕ ವೇದಭಾಗಗಳು: ಧರ್ಮೋಪದೇಶಕಾಂಡ 6:4–9 ಮತ್ತು 22:6–8, ಲೂಕ 24:13–32.)

ಮೋಶೆಯು ಇಸ್ರಾಯೇಲ್ಯರ ತಂದೆತಾಯಿಗಳಿಗೆ ಕೊಟ್ಟ ಅಪ್ಪಣೆಯಲ್ಲಿ, ದೇವರ ಮಾತುಗಳನ್ನು ಮಕ್ಕಳಿಗೆ ಅಭ್ಯಾಸ ಮಾಡಿಸುವದಕ್ಕೆ ನಾಲ್ಕು ವೇಳೆಗಳನ್ನು ನೇಮಿಸಿದ್ದಾನೆ. ಮನೆಯೊಳಗೆ ಇರುವ ವೇಳೆ ಒಂದು, ಮಲಗುವ ವೇಳೆ ಒಂದು, ಏಳುವ ವೇಳೆ ಒಂದು. ಇವುಗಳ ನಡುವೆ ದಾರಿ ನಡೆಯುವ ವೇಳೆಯನ್ನೂ ಸೇರಿಸಿದ್ದಾನೆ. ಉಳಿದ ಮೂರು ವೇಳೆಗಳು ನಮ್ಮ ಸಭೆಯ ಮನೆಗಳಲ್ಲಿ ಹೇಗೋ ಉಳಿದುಕೊಂಡಿವೆ. ಮುಂಜಾನೆ ಎದ್ದೊಡನೆ ಒಂದು ಸಣ್ಣ ಪ್ರಾರ್ಥನೆ, ರಾತ್ರಿ ದೀಪದ ಮುಂದೆ ಒಂದು ಕೀರ್ತನೆ, ಇವು ಬಹಳ ಮನೆಗಳಲ್ಲಿ ತಪ್ಪಿಲ್ಲ. ದಾರಿ ನಡೆಯುವ ವೇಳೆಯಾದರೋ ನಮ್ಮ ಕಣ್ಣೆದುರಿಗೇ ಇಲ್ಲವಾಗುತ್ತಾ ಇದೆ. ಯಾಕಂದರೆ ಮಕ್ಕಳು ದಾರಿ ನಡೆಯುವದೇ ನಿಂತುಹೋಗುತ್ತಾ ಇದೆ.

ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಊರ ಶಾಲೆಯ ಬಾಗಿಲಲ್ಲಿ ನಿಂತು ನೋಡಿರಿ. ಅರ್ಧ ಮೈಲಿಯೂ ಇಲ್ಲದ ಓಣಿಯಿಂದ ಬೈಕು ಬರುತ್ತದೆ. ತಂದೆಯ ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಒಂದು ಕೂಸು, ಬೆನ್ನ ಹಿಂದೆ ಇಬ್ಬರು ಮಕ್ಕಳು, ಅವರ ಹೆಗಲಿಗೆ ಪುಸ್ತಕದ ಚೀಲಗಳು. ಅದರ ಹಿಂದೆ ಇನ್ನೊಂದು ಬೈಕು, ಅದರ ಹಿಂದೆ ಅಳತೆ ಮೀರಿ ತುಂಬಿದ ಆಟೋರಿಕ್ಷಾ. ನಡೆದುಬರುವ ನಾಲ್ಕೈದು ಮಕ್ಕಳು ಈ ಗಾಡಿಗಳ ಸಂದಿಯಲ್ಲಿ ಧೂಳು ಕುಡಿದು ಗೋಡೆಗೆ ಒತ್ತಿಕೊಂಡು ಒಳಗೆ ಹೋಗಬೇಕು. ಶಾಲೆ ಬಹಳ ದೂರವಿರುವವರನ್ನೂ, ಕಾಲಿನಲ್ಲಿ ಬಲವಿಲ್ಲದ ಮಗುವನ್ನು ಕರೆತರುವವರನ್ನೂ ಕುರಿತು ನಾವು ಏನೂ ಹೇಳುವದಿಲ್ಲ. ಅಂಥವರು ಬಸ್ಸಿನಲ್ಲಿಯೋ ಬೈಕಿನಲ್ಲಿಯೋ ಬರತಕ್ಕದ್ದೇ ಸರಿ. ನಮ್ಮ ಮಾತು ನಡೆಯಬಲ್ಲ ಮಕ್ಕಳನ್ನು ಕುರಿತದ್ದು.

ಶಿಕ್ಷಣ ಹಕ್ಕಿನ ಕಾಯಿದೆಯು 2009ರಲ್ಲಿ ಆಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದಕ್ಕೆ ಸಂಬಂಧಪಟ್ಟು ಕೇಂದ್ರ ಸರಕಾರವು ಮಾಡಿದ ಮಾದರಿ ನಿಯಮಗಳಲ್ಲಿ, 1ರಿಂದ 5ನೆಯ ತರಗತಿಯ ಮಕ್ಕಳಿಗೆ ನಡೆದುಹೋಗತಕ್ಕ 1 ಕಿಲೋಮೀಟರಿನೊಳಗೆ, 6ರಿಂದ 8ನೆಯ ತರಗತಿಯವರಿಗೆ 3 ಕಿಲೋಮೀಟರಿನೊಳಗೆ ಶಾಲೆಯಿರಬೇಕೆಂದು ಬರೆದಿದೆ. ನಿಯಮ ಮಾಡಿದವರು ಮಗುವಿನ ಕಾಲನ್ನೇ ಅಳತೆಗೋಲಾಗಿ ಇಟ್ಟುಕೊಂಡರೆಂಬದನ್ನು ಗಮನಿಸಿರಿ. ಹೀಗಿರಲಾಗಿ ನಮ್ಮ ಹೆತ್ತವರು ಆ ಕಾಲನ್ನು ಯಾಕೆ ನಂಬುವದಿಲ್ಲ? ವಿಚಾರಿಸಿದರೆ ಮೂರು ಕಾರಣಗಳು ಹೊರಬೀಳುತ್ತವೆ. ಹೊತ್ತಿಲ್ಲ ಎಂಬದೊಂದು, ಭಯ ಎಂಬದೊಂದು, ನಾಚಿಕೆ ಎಂಬದೊಂದು. ಹೊತ್ತಿನ ಮಾತು ಸುಳ್ಳು. ಒಂದು ಕಿಲೋಮೀಟರು ನಡೆಯುವದಕ್ಕೆ ಚಿಕ್ಕ ಮಗುವಿಗೂ ಇಪ್ಪತ್ತು ನಿಮಿಷ ಸಾಕು, ಅಷ್ಟು ಮುಂಚೆ ಎಬ್ಬಿಸುವದು ತಾಯಿತಂದೆಗಳ ಕೈಯಲ್ಲಿದೆ. ಉಳಿದ ಎರಡನ್ನು ವಿವರವಾಗಿ ನೋಡಬೇಕು.

ನಾಚಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವದಿಲ್ಲ. ಆದರೂ ಮನೆಮನೆಗೆ ಹೋಗುವ ಉಪದೇಶಿಗಳಾದ ನಮ್ಮ ಕಿವಿಗೆ ಅದು ಬೀಳುತ್ತದೆ. "ಅಯ್ಯನವರೇ, ನಾವು ಬರಿಗಾಲಲ್ಲಿ ನಡೆದದ್ದು ಸಾಕು, ನಮ್ಮ ಮಕ್ಕಳಾದರೂ ಗಾಡಿಯ ಮೇಲೆ ಹೋಗಲಿ" ಎಂದು ಹೇಳುವ ತಂದೆಯನ್ನು ನಾವು ಹಾಸ್ಯ ಮಾಡುವದಿಲ್ಲ. ಅವನ ಮಾತಿನ ಹಿಂದೆ ಮೂರು ತಲೆಗಳ ದುಃಖವಿದೆ. ಆದರೆ ನಮ್ಮ ಹಿರಿಯರಿಗೆ ಅವಮಾನವಾದದ್ದು ಎಲ್ಲಿ ಎಂಬದನ್ನು ಸರಿಯಾಗಿ ತಿಳುಕೊಳ್ಳಬೇಕು. 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಬೇಕೆಂದು ಬಂದ ಮಹಾರ್ ಕುಲದ ಒಬ್ಬ ಹುಡುಗನನ್ನು, ಅವನ ಕುಲದ ನಿಮಿತ್ತ, ಸೇರಿಸಿಕೊಳ್ಳಲಿಲ್ಲ. ಧಾರವಾಡವು ಆಗ ಮುಂಬಯಿ ಸರಕಾರಕ್ಕೆ ಸೇರಿತ್ತು. ಹುಡುಗನು ಆ ಸರಕಾರಕ್ಕೆ ಮನವಿ ಬರೆದನು. ಸರಕಾರವು ಅವನ ಪರವಾಗಿ ತೀರ್ಪು ಮಾಡಲಿಲ್ಲ. ಸರಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವೆಂದು ವಿಲಾಯತಿಯಲ್ಲಿದ್ದ ಕಂಪೆನಿಯ ನಿರ್ದೇಶಕರು 1858ರಲ್ಲಿ ಬರೆದು ತಿಳಿಸಬೇಕಾಯಿತು. ಹಾಗೆ ಬರೆದ ಮೇಲೂ ಬಾಗಿಲುಗಳು ತಟ್ಟನೆ ತೆರೆಯಲಿಲ್ಲವೆಂಬದು ನಮ್ಮ ಅಜ್ಜಂದಿರ ಬಾಯಿಂದ ನಾವೆಲ್ಲರೂ ಕೇಳಿದ್ದೇವೆ.

ಆ ಹುಡುಗನ ಕಾಲು ಅವನನ್ನು ಶಾಲೆಯ ತನಕ ಮುಟ್ಟಿಸಿತು. ಅವನನ್ನು ತಡೆದದ್ದು ಬಾಗಿಲು. ಅವಮಾನವಿದ್ದದ್ದು ಆ ಬಾಗಿಲಲ್ಲಿ, ದಾರಿಯಲ್ಲಿ ಅಲ್ಲ. ಈಗ ಬಾಗಿಲು ತೆರೆದಿದೆ. ಎಲ್ಲ ಕೇರಿಯ ಮಕ್ಕಳೂ ಒಂದೇ ದಾರಿಯಲ್ಲಿ ಒಟ್ಟಾಗಿ ನಡೆಯುವದಕ್ಕೆ ಅಡ್ಡಿಯಿಲ್ಲ. ಇಂಥ ಸಮಯದಲ್ಲಿ ಗೌಡರ ಮಗುವು ತನ್ನ ಗಾಡಿಯಲ್ಲಿ, ನಮ್ಮ ಮಗುವು ಸಾಲ ಮಾಡಿ ತಂದ ನಮ್ಮ ಗಾಡಿಯಲ್ಲಿ ಹೋದರೆ, ಒಟ್ಟಾಗಿ ನಡೆಯಬಹುದಾದ ಮಕ್ಕಳನ್ನು ನಾವೇ ಬೇರೆ ಮಾಡಿದಂತಾಗುವದಿಲ್ಲವೇ? ಕರ್ತನಾದ ಯೇಸುವು ಎದ್ದ ದಿನದಲ್ಲಿ, ಎಮ್ಮಾಹು ಎಂಬ ಹಳ್ಳಿಗೆ ಏಳು ಮೈಲಿಯಷ್ಟು ದೂರ ನಡೆದುಹೋಗುತ್ತಿದ್ದ ಇಬ್ಬರು ದುಃಖಿತರ ಜೊತೆಗೂಡಿ, ದಾರಿಯಲ್ಲಿಯೇ ಅವರಿಗೆ ಶಾಸ್ತ್ರದ ಅರ್ಥವನ್ನು ಬಿಡಿಸಿದನು. ಅವರು ನಡೆಯುತ್ತಿದ್ದ ಕಾರಣ ಅವನು ಅವರ ಪಕ್ಕಕ್ಕೆ ಬಂದು ಮಾತಾಡಲಿಕ್ಕಾಯಿತು.

ಖರ್ಚಿನ ಲೆಕ್ಕವನ್ನೂ ಒಮ್ಮೆ ಮಾಡೋಣ. ಏಳನೆಯ ತರಗತಿಯ ಮಗುವು ಇದನ್ನು ತಾನೇ ಮಾಡಬಲ್ಲದು. ಮನೆಯಿಂದ ಶಾಲೆಗೆ 2 ಕಿಲೋಮೀಟರು ಎಂದಿಟ್ಟುಕೊಳ್ಳಿರಿ. ಬಿಟ್ಟು ಬರುವದಕ್ಕೆ 4, ಸಂಜೆ ಕರೆತರುವದಕ್ಕೆ 4, ದಿನಕ್ಕೆ 8. ಹಿರಿಯ ಪ್ರಾಥಮಿಕ ಶಾಲೆಗೆ ಕಾಯಿದೆಯು ಹೇಳುವ ಕೆಲಸದ ದಿನಗಳು ವರುಷಕ್ಕೆ 220. ಗುಣಿಸಿದರೆ 1,760 ಕಿಲೋಮೀಟರು. ಲೀಟರಿಗೆ 50 ಕಿಲೋಮೀಟರು ಓಡುವ ಬೈಕಾದರೂ 35 ಲೀಟರು ಪೆಟ್ರೋಲು ಬೇಕು. ಲೀಟರಿಗೆ ನೂರು ರೂಪಾಯಿ ಹಿಡಿದರೆ 3,500 ರೂಪಾಯಿ. ಕೂಲಿಯಿಂದ ಬದುಕುವ ಮನೆಗೆ ಇದು ಎಷ್ಟು ದಿನದ ದುಡಿಮೆ ಎಂಬದನ್ನು ನಾವು ಹೇಳಬೇಕಾಗಿಲ್ಲ.

ಇಷ್ಟೇ ಅಲ್ಲ. ಒಂದು ಲೀಟರು ಪೆಟ್ರೋಲು ಸುಟ್ಟರೆ ಇಂಗಾಲದ ಡೈಆಕ್ಸೈಡ್ ಎಂಬ ಅನಿಲವು ಸುಮಾರು 2.3 ಕಿಲೋ ಹೊರಡುತ್ತದೆ. ಒಂದು ಲೀಟರಿನ ತೂಕವೇ ಮುಕ್ಕಾಲು ಕಿಲೋ ಇರುವಾಗ ಇದು ಹೇಗೆಂದು ಜಾಣ ಮಕ್ಕಳು ಕೇಳುವರು. ಪೆಟ್ರೋಲಿನಲ್ಲಿರುವ ಇಂಗಾಲವು ಉರಿಯುವಾಗ ಗಾಳಿಯ ಆಮ್ಲಜನಕವನ್ನು ತನ್ನೊಡನೆ ಕೂಡಿಸಿಕೊಳ್ಳುವದರಿಂದ ತೂಕವು ಹೆಚ್ಚುತ್ತದೆ ಎಂದು ಉತ್ತರ ಕೊಡಿರಿ. 35 ಲೀಟರಿಗೆ ಸುಮಾರು 80 ಕಿಲೋ ಆಯಿತು. ಕಣ್ಣಿಗೆ ಕಾಣದ ಒಂದು ದೊಡ್ಡ ಜೋಳದ ಚೀಲವನ್ನು ಒಂದು ಮನೆಯವರು ಒಂದು ವರುಷದಲ್ಲಿ ಆಕಾಶಕ್ಕೆ ಏರಿಸಿದ ಹಾಗೆ. ಈ ಅನಿಲವು ಭೂಮಿಯ ಸುತ್ತಲೂ ಕಂಬಳಿಯಂತೆ ನಿಂತು ಸೆಕೆಯನ್ನು ಹೆಚ್ಚಿಸುತ್ತದೆ, ಮಳೆಯ ಕ್ರಮವನ್ನು ಕೆಡಿಸುತ್ತದೆ. ದೊಡ್ಡ ದೇಶಗಳೂ ದೊಡ್ಡ ಕಾರಖಾನೆಗಳೂ ಬಿಡುವ ಹೊಗೆಯ ಮುಂದೆ ಹಳ್ಳಿಯವರ ಪಾಲು ತೀರಾ ಸಣ್ಣದು, ಸರಿ. ಆದರೂ ಮುಂಗಾರು ತಪ್ಪಿದ ವರುಷ ಮಳೆಗಾಗಿ ವಿಶೇಷ ಪ್ರಾರ್ಥನೆಗೆ ಕೂಡುವ ನಾವು, ಆ ಪ್ರಾರ್ಥನೆಗೂ ಅರ್ಧ ಮೈಲಿಗೆ ಬೈಕು ಹತ್ತಿ ಬರುವದು ಚಂದ ಕಾಣುವದಿಲ್ಲ.

ದೇಹದ ವಿಷಯದಲ್ಲಿ ಹೇಳುವದಾದರೆ, 5ರಿಂದ 17 ವರುಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆಚ್ಚಗಾಗುವಂತೆ ಚಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ತನ್ನ ಸೂಚನೆಗಳಲ್ಲಿ ಹೇಳಿದೆ. ಚುರುಕಾಗಿ ನಡೆದರೆ ಶಾಲೆಯ ದಾರಿಯೇ ಅದರ ಅರ್ಧವನ್ನು ತೀರಿಸಿಕೊಡುತ್ತದೆ.

ಈಗ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವನ್ನು ತೆರೆಯಿರಿ. 6, 7, 8 ಈ ಮೂರು ವಚನಗಳಲ್ಲಿ ಎರಡು ಆಜ್ಞೆಗಳಿವೆ. ಮೊದಲನೆಯದು, ದಾರಿಯಲ್ಲಿ ಹಕ್ಕಿಯ ಗೂಡು ಸಿಕ್ಕಿದರೆ ಮರಿಗಳ ಅಥವಾ ಮೊಟ್ಟೆಗಳ ಸಂಗಡ ತಾಯಿಯನ್ನು ಹಿಡಿಯಕೂಡದೆಂಬದು. ಗೂಡು ಮರದ ಮೇಲಿದ್ದರೂ ಸರಿ, ನೆಲದ ಮೇಲಿದ್ದರೂ ಸರಿ ಎಂದು ಅಲ್ಲಿ ಬಿಡಿಸಿ ಹೇಳಿದೆ. ದಾರಿಯಲ್ಲಿ ನಡೆಯುವವನಿಗೆ ಕೊಟ್ಟ ಆಜ್ಞೆ ಇದು. ಗಾಡಿಯಲ್ಲಿ ಓಡುವವನಿಗೆ ಗೂಡೇ ಕಾಣದು. ನಮ್ಮ ಮಕ್ಕಳಿಗೆ ಇದನ್ನು ಕಲಿಸುವದಕ್ಕೆ ಪುಸ್ತಕದ ಚಿತ್ರ ಬೇಡ. ಮರದ ಮೇಲಿನ ಗೂಡೆಂದರೆ ಗೀಜಗನದು. ಬಾವಿಯ ಕಡೆಗೆ ಬಾಗಿದ ಈಚಲ ಗರಿಯಲ್ಲೋ ಜಾಲಿಯ ಕೊಂಬೆಯಲ್ಲೋ ಹುಲ್ಲಿನ ಎಳೆಗಳಿಂದ ಹೆಣೆದು ತೂಗಬಿಟ್ಟ ಆ ಗೂಡನ್ನು ಮಳೆಗಾಲದಲ್ಲಿ ಯಾವ ಮಗುವಾದರೂ ತೋರಿಸೀತು. ಗೂಡನ್ನು ಹೆಣೆಯುವದು ಗಂಡುಹಕ್ಕಿ. ಹೆಣ್ಣು ಬಂದು ನೋಡಿ ಮೆಚ್ಚಿದರೆ ಮಾತ್ರ ಒಳಗೆ ಸೇರುವದು. ನೆಲದ ಮೇಲಿನ ಗೂಡೆಂದರೆ ಟಿಟ್ಟಿಭನದು. ಹೊಲದ ಬದಿಯ ಬರಿಯ ನೆಲದಲ್ಲಿ, ಕಲ್ಲುಹರಳುಗಳ ನಡುವೆ, ಹರಳುಗಳ ಬಣ್ಣದ ನಾಲ್ಕು ಮೊಟ್ಟೆಗಳನ್ನು ಇಟ್ಟಿರುತ್ತದೆ. ನಾವು ಹತ್ತಿರ ಹೋದರೆ ಹಕ್ಕಿಯು ತಲೆಯ ಮೇಲೆ ಸುತ್ತಿ ಅರಚಿ ಬೇರೆ ಕಡೆಗೆ ನಮ್ಮನ್ನು ಎಳೆಯುವದು. ಕಾಲಿಡುವ ಮುಂಚೆ ನೆಲ ನೋಡುವ ಮಗುವಿಗೆ ಮಾತ್ರ ಆ ಮೊಟ್ಟೆಗಳು ಉಳಿಯುವವು.

ಈ ಆಜ್ಞೆಯ ಕಡೆಯಲ್ಲಿ ದೇವರು ಒಂದು ವಾಗ್ದಾನವನ್ನು ಇಟ್ಟಿದ್ದಾನೆ: ಮೇಲಾಗುವದು, ದೀರ್ಘಾಯುಷ್ಯವಾಗುವದು. ಇದೇ ವಾಗ್ದಾನವನ್ನು ಇನ್ನೆಲ್ಲಿ ಓದಿದ್ದೀರೆಂದು ಮಕ್ಕಳನ್ನು ಕೇಳಿರಿ. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯಲ್ಲಿ (5:16). ಹೆತ್ತವರಿಗೆ ಕೊಡುವ ಮರ್ಯಾದೆಗೂ ದಾರಿಬದಿಯ ಒಂದು ಹಕ್ಕಿಗೆ ತೋರಿಸುವ ಕನಿಕರಕ್ಕೂ ದೇವರು ಒಂದೇ ಪ್ರತಿಫಲವನ್ನು ಇಟ್ಟದ್ದು ಯಾಕೆಂದು ನಾವು ಬಹಳ ಸಾರಿ ಯೋಚಿಸಿದ್ದೇವೆ. ಎರಡರಲ್ಲಿಯೂ ತಾಯಿ ಇದ್ದಾಳೆಂಬದೇ ನಮಗೆ ತೋಚಿದ ಉತ್ತರ. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಪರಿಸರದ ಪಾಠವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು 1991ರಲ್ಲಿ ಆಜ್ಞಾಪಿಸಿತು. ಅದಕ್ಕೆ ತಕ್ಕ ಪುಸ್ತಕಗಳೂ ಬಂದಿವೆ. ಆದರೆ ಹುಣಸೆಯ ಚಿತ್ರಕ್ಕೆ ಬಣ್ಣ ತುಂಬಿ ಹತ್ತಕ್ಕೆ ಹತ್ತು ಅಂಕ ತಂದ ಮಗುವು ದಾರಿಯ ಹುಣಸೆಯ ಕೆಳಗೆ ಒಂದು ದಿನವೂ ನಿಲ್ಲದೆ ಹೋದರೆ ಅದು ಕಲಿತದ್ದೇನು?

ಎರಡನೆಯ ಆಜ್ಞೆಯು 8ನೆಯ ವಚನದಲ್ಲಿದೆ. ಹೊಸ ಮನೆ ಕಟ್ಟಿದವನು ಮಾಳಿಗೆಗೆ ಸುತ್ತಲೂ ಅಡ್ಡಗೋಡೆ ಹಾಕಬೇಕು. ಹಾಕದೆ ಯಾವನಾದರೂ ಬಿದ್ದು ಸತ್ತರೆ ಆ ರಕ್ತದ ಅಪರಾಧವು ಮನೆಯ ಮೇಲೆ ಬರುವದು. ಬಯಲುಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮೇಲೆ ಕಾಳು ಒಣಗಿಸುವವರಿಗೂ, ಸೆಕೆಗಾಲದಲ್ಲಿ ಮಕ್ಕಳನ್ನು ಮಲಗಿಸುವವರಿಗೂ ಇದನ್ನು ವಿವರಿಸಬೇಕಾಗಿಲ್ಲ. ಬಿದ್ದವನು ತಾನೇ ಎಚ್ಚರವಾಗಿರಬೇಕಿತ್ತು ಎಂದು ಹೇಳಿ ಮನೆಯವನು ತಪ್ಪಿಸಿಕೊಳ್ಳುವಂತಿಲ್ಲವೆಂಬದನ್ನು ನೋಡಿರಿ. ಹೆತ್ತವರು ಹೇಳುವ ಎರಡನೆಯ ಕಾರಣಕ್ಕೆ, ಅಂದರೆ ಭಯಕ್ಕೆ, ಉತ್ತರವು ಇಲ್ಲಿದೆ. ಭಯವು ನಿಜವಾದದ್ದು. 2022ರ ಆಗಸ್ಟಿನಲ್ಲಿ ಉಡುಪಿ ಜಿಲ್ಲೆಯಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಎಳೆಯ ಬಾಲಕಿಯೊಬ್ಬಳು ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಹೋದಳು. ಮರದ ದಿಮ್ಮಿಯನ್ನೋ ಅಡಿಕೆಯ ಮರಗಳನ್ನೋ ಹಳ್ಳಕ್ಕೆ ಅಡ್ಡವಾಗಿ ಹಾಕಿ ಮಾಡಿದ ಇಂಥ ಸಂಕಗಳು ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಬಹಳ. ಮಳೆಗಾಲದಲ್ಲಿ ಪಾಚಿ ಹಿಡಿದ ದಿಮ್ಮಿಯ ಮೇಲೆ ಚೀಲ ಹೊತ್ತ ಮಗುವು ಕೊಡೆ ಹಿಡಿದುಕೊಂಡು ದಾಟುವದನ್ನು ನೆನಸಿಕೊಂಡರೆ ಎದೆ ನಡುಗುವದು. ಅಂಥ ಸಂಕವಿರುವ ಊರಿನಲ್ಲಿ ನಿಂತು, ನಡೆಯಿರಿ ನಡೆಯಿರಿ ಎಂದು ಉಪದೇಶ ಮಾಡುವವನು ಮಾಳಿಗೆಗೆ ಅಡ್ಡಗೋಡೆಯನ್ನು ಹಾಕದವನೇ.

ಆದದರಿಂದ ನಮ್ಮ ಪಾಠಕ್ಕೆ ಎರಡು ಕಾಲುಗಳಿವೆ. ಮಕ್ಕಳಿಗೆ ಗೂಡಿನ ಆಜ್ಞೆ, ದೊಡ್ಡವರಿಗೆ ಗೋಡೆಯ ಆಜ್ಞೆ. ಮೇಲೆ ಹೇಳಿದ 2010ರ ನಿಯಮಗಳಲ್ಲಿಯೂ, ಗುಡ್ಡ, ಪ್ರವಾಹ, ದಾರಿಯಿಲ್ಲದಿರುವದು ಮೊದಲಾದ ಅಪಾಯಗಳಿರುವಲ್ಲಿ ಆ ದೂರಗಳನ್ನು ಇನ್ನೂ ಕಡಿಮೆ ಮಾಡಿ ಶಾಲೆಯನ್ನು ಇಡಬೇಕೆಂದು ಹೇಳಿದೆ. ಶಾಲೆಗೆ ಹೋಗುವ ಮಕ್ಕಳಿಗೋಸ್ಕರ ಕಿರುಸೇತುವೆಗಳನ್ನು ಕಟ್ಟುವದಕ್ಕೆ ನಮ್ಮ ರಾಜ್ಯದಲ್ಲಿ 'ಶಾಲಾ ಸಂಪರ್ಕ ಸೇತು' ಎಂಬ ಹೆಸರಿನ ಯೋಜನೆಯೂ ಆಯಿತು. ಕೇಳದವರ ಊರಿಗೆ ಸೇತುವೆಯು ತಾನಾಗಿ ಬರುವದಿಲ್ಲ.

ಡಾಂಬರು ರಸ್ತೆಯ ಊರುಗಳಲ್ಲಿ ಭಯವು ನೀರಿನದಲ್ಲ, ಗಾಡಿಗಳದು. ಹೆಣ್ಣುಮಕ್ಕಳ ತಾಯಂದಿರಿಗೆ ದಾರಿಯಲ್ಲಿ ನಿಂತು ಚುಡಾಯಿಸುವವರದು. ಇದಕ್ಕೆ ಬೇರೆ ದೇಶದವರು ಕಂಡುಕೊಂಡ ಒಂದು ಉಪಾಯವಿದೆ. ಆಸ್ಟ್ರೇಲಿಯದ ಡೇವಿಡ್ ಎಂಗ್ವಿಕ್ಟ್ ಎಂಬವರು 1990ರ ದಶಕದಲ್ಲಿ 'ನಡೆಯುವ ಶಾಲಾಬಸ್ಸು' ಎಂಬ ಯೋಚನೆಯನ್ನು ಮುಂದಿಟ್ಟರು. 1998ರಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರಿನಲ್ಲಿ ಅದು ನಡೆಯಲಾರಂಭಿಸಿತು. ಆ ಬಸ್ಸಿಗೆ ಚಕ್ರವೂ ಇಲ್ಲ, ಎಣ್ಣೆಯೂ ಇಲ್ಲ. ಇಬ್ಬರು ದೊಡ್ಡವರು, ಒಬ್ಬರು ಮುಂದೆ ಒಬ್ಬರು ಹಿಂದೆ, ಗೊತ್ತಾದ ಹೊತ್ತಿಗೆ ಗೊತ್ತಾದ ದಾರಿಯಲ್ಲಿ ಹೊರಡುವರು. ಮಕ್ಕಳು ತಮ್ಮತಮ್ಮ ಮನೆಯ ಹತ್ತಿರ ಸಾಲಿಗೆ ಸೇರುವರು. ಜಪಾನಿನಲ್ಲಿ ಬಹಳ ಊರುಗಳ ಮಕ್ಕಳು, ಹಿರಿಯ ತರಗತಿಯವನೊಬ್ಬನನ್ನು ಮುಂದಿಟ್ಟುಕೊಂಡು, ನೆರೆಕೇರಿಯವರೆಲ್ಲರೂ ಒಟ್ಟಾಗಿ ಶಾಲೆಗೆ ನಡೆಯುವದುಂಟು. ನಮ್ಮ ಸಭೆಗಳಲ್ಲಿ ಇದು ಕಷ್ಟವಲ್ಲ. ಮಹಿಳಾಸಂಘದ ಇಬ್ಬರು ಅಕ್ಕಂದಿರು ವಾರಕ್ಕೊಂದು ದಿನ ಎಂದು ಹಂಚಿಕೊಂಡರೆ ಆರು ದಿನಕ್ಕೆ ಹನ್ನೆರಡು ಮಂದಿ ಸಾಕು. ಆದರೆ ಸಾಲಿಗೆ ನಮ್ಮ ಸಭೆಯ ಮಕ್ಕಳನ್ನು ಮಾತ್ರ ಸೇರಿಸಕೂಡದು. ಊರ ಮಕ್ಕಳೆಲ್ಲರೂ ಬರಲಿ. ಮುಂದಿನವರ ಕೈಹಿಡಿದವರು ಯಾವ ಕೇರಿಯವರೆಂದು ಯಾರೂ ಕೇಳದಿರಲಿ. ಕಾಲುದಾರಿಯಿಲ್ಲದ ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರಾಗಿ ಬಲಗಡೆಯಲ್ಲಿ ನಡೆಯಬೇಕು. ಎದುರಿನಿಂದ ಬರುವ ಗಾಡಿಯು ಕಣ್ಣಿಗೆ ಕಾಣುವದು. ಮಬ್ಬಿನ ದಿನ ಬಿಳಿಯ ಅಥವಾ ಹಳದಿಯ ಬಟ್ಟೆಯನ್ನು ಚೀಲಕ್ಕೆ ಕಟ್ಟಿರಿ.

ಇಲ್ಲಿ ಒಂದು ಮಾತನ್ನು ಕಟುವಾಗಿಯೇ ಹೇಳಬೇಕು. ಒಂಬತ್ತನೆಯ, ಹತ್ತನೆಯ ತರಗತಿಯ ಹುಡುಗರ ಕೈಗೆ ಬೈಕಿನ ಕೀಲಿಯನ್ನು ಕೊಟ್ಟು ಹೆಮ್ಮೆಪಡುವ ತಂದೆಗಳು ನಮ್ಮ ಸಭೆಗಳಲ್ಲಿಯೂ ಇದ್ದಾರೆ. 2019ರ ತಿದ್ದುಪಡಿಯ ಪ್ರಕಾರ, ಪ್ರಾಯಕ್ಕೆ ಬಾರದ ಮಗನು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕನಿಗೆ ಅಥವಾ ಗಾಡಿಯ ಒಡೆಯನಿಗೆ 25,000 ರೂಪಾಯಿ ದಂಡವೂ ಮೂರು ವರುಷದ ವರೆಗೆ ಸೆರೆಯೂ ಇದೆ. ದಂಡಕ್ಕಿಂತ ದೊಡ್ಡದು ಆ ಹುಡುಗನ ತಲೆ. ದೂರವಿದ್ದರೆ ಸೈಕಲ್ಲು ಕೊಡಿರಿ. ನಮ್ಮ ಸರಕಾರವೇ 2006–07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ಲು ಹಂಚುವದಕ್ಕೆ ಆರಂಭಿಸಿದಾಗ, ಹೈಸ್ಕೂಲಿಗೆ ಹೋಗುವ ಹೆಣ್ಣುಮಕ್ಕಳ ಸಾಲು ಊರ ದಾರಿಯಲ್ಲಿ ಎಷ್ಟು ಚಂದವಾಗಿತ್ತೆಂಬದು ನಿಮಗೆ ನೆನಪಿರಬಹುದು.

ನಡೆಯುವ ಮಕ್ಕಳಿಗೆ ನೆರಳು ಬೇಕು. ಮಾಗಡಿ ತಾಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರೂ ಅವರ ಗಂಡ ಚಿಕ್ಕಯ್ಯನವರೂ ಕುದೂರಿಗೆ ಹೋಗುವ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ ಬೆಳೆಸಿದರು. ಶಾಲೆಯ ಮುಖ ಕಾಣದ ಆ ತಾಯಿಗೆ 2019ರಲ್ಲಿ ಪದ್ಮಶ್ರೀ ಬಂತು. ನಮ್ಮ ಮಕ್ಕಳು ಒಬ್ಬೊಬ್ಬರು ಒಂದು ಹೊಂಗೆಯನ್ನೋ ಬೇವನ್ನೋ ದಾರಿಬದಿಯಲ್ಲಿ ತಮ್ಮದೆಂದು ಇಟ್ಟುಕೊಳ್ಳಲಿ. ಸಂಜೆ ಬರುವಾಗ ಬಾಟಲಿಯಲ್ಲಿ ಉಳಿದ ನೀರನ್ನು ಅದರ ಬುಡಕ್ಕೆ ಹೊಯ್ಯಲಿ. ಇದಕ್ಕೆ ಸ್ಟೀಲಿನ ಬಾಟಲಿಯೇ ಇರಲಿ. ಎಸೆಯುವ ಪ್ಲಾಸ್ಟಿಕ್ ಬಾಟಲಿಯು ಬೇಡ. ಮೇಲಿನ ತರಗತಿಗೆ ಹೋದವರ ನೋಟುಪುಸ್ತಕಗಳಲ್ಲಿ ಉಳಿದ ಹಾಳೆಗಳನ್ನು ಕೂಡಿಸಿ ಹೊಲಿದರೆ ಲೆಕ್ಕ ಮಾಡುವದಕ್ಕೆ ಒಂದು ಪುಸ್ತಕವಾಗುವದು. ಮಧ್ಯಾಹ್ನದ ಊಟದ ತಟ್ಟೆ ತೊಳೆದ ನೀರು ಶಾಲೆಯ ನುಗ್ಗೆಗೂ ಕರಿಬೇವಿಗೂ ಹೋಗಲಿ. ಇವು ನಮ್ಮ ಅಜ್ಜಿಯರು ಹೇಳದೆಯೂ ಮಾಡುತ್ತಿದ್ದ ಕೆಲಸಗಳಾದದರಿಂದ ಹೆಚ್ಚು ಬರೆಯುವದಿಲ್ಲ.

ಸಂಡೇಸ್ಕೂಲಿನ ಉಪಾಧ್ಯಾಯರು ಬರುವ ಆದಿತ್ಯವಾರ ಮಕ್ಕಳನ್ನು ಕೋಣೆಯಲ್ಲಿ ಕೂಡಿಸದೆ ಶಾಲೆಯ ದಾರಿಯಲ್ಲಿಯೇ ಕರಕೊಂಡು ಹೋಗಲಿ. ದಾರಿಯಲ್ಲಿ ಕಿಲೋಮೀಟರು ಕಲ್ಲಿದ್ದರೆ ಅದರ ತಲೆಯ ಬಣ್ಣವನ್ನು ನೋಡಿಸಿ ಅರ್ಥ ಹೇಳಿರಿ: ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸುರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಹಳ್ಳಿಯ ರಸ್ತೆ. ಚಿಕ್ಕವರು ಹೆಜ್ಜೆಗಳನ್ನು ಎಣಿಸಲಿ. ನಡುವಿನವರು ಮರಗಳ ಹೆಸರನ್ನೂ ಗೂಡುಗಳನ್ನೂ ಬರೆದುಕೊಳ್ಳಲಿ. ದೊಡ್ಡವರು ಗೋಡೆ ಇಲ್ಲದ ಸ್ಥಳಗಳನ್ನು ಬರೆದುಕೊಳ್ಳಲಿ. ತೆರೆದ ಬಾವಿ ಎಲ್ಲಿದೆ, ಸಂಕಕ್ಕೆ ಕೈಹಿಡಿ ಇದೆಯೋ, ರಸ್ತೆ ದಾಟುವಲ್ಲಿ ಉಬ್ಬು ಇದೆಯೋ, ಬೀದಿಯ ದೀಪ ಉರಿಯುವದೋ, ಯಾವ ತಿರುವಿನಲ್ಲಿ ಹೆಣ್ಣುಮಕ್ಕಳಿಗೆ ಅಂಜಿಕೆ ಆಗುವದು. ಕಡೆಯದನ್ನು ಅಕ್ಕಂದಿರು ಹುಡುಗಿಯರನ್ನು ಬೇರೆ ಕರೆದು ಕೇಳಲಿ.

ಆ ಪಟ್ಟಿಯನ್ನು ಸಭೆಯ ಹಿರಿಯರು ಕೈಯಲ್ಲಿ ಹಿಡಿದು ಎರಡು ಅರ್ಜಿಗಳನ್ನು ಬರೆಯಬೇಕು. ಒಂದು ಶಾಲೆಯ ಮೇಲುಸ್ತುವಾರಿ ಸಮಿತಿಗೆ, ಇನ್ನೊಂದು ಗ್ರಾಮ ಪಂಚಾಯಿತಿಗೆ. ಪಂಚಾಯಿತಿಯವರು ನಡಿಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ಇದನ್ನು ಓದಬಹುದು. ಓದುವದನ್ನು ಮುಂಚಿತವಾಗಿ ಅಭ್ಯಾಸ ಮಾಡಿಸಿರಿ. ಅರ್ಜಿಯಲ್ಲಿ ನಮ್ಮ ಕೇರಿ, ನಮ್ಮ ಸಭೆ ಎಂದು ಬರೆಯದೆ ಊರ ಮಕ್ಕಳು ಎಂದೇ ಬರೆಯಿರಿ. ಪ್ರತಿಯೊಂದು ಸ್ಥಳದ ಗುರುತು, ಅಲ್ಲಿ ದಿನಾಲು ದಾಟುವ ಮಕ್ಕಳ ಲೆಕ್ಕ, ಬೇಕಾದ ಕೆಲಸ ಈ ಮೂರೂ ಇರಲಿ. ಅರ್ಜಿಯ ಪ್ರತಿಯ ಮೇಲೆ ತಾರೀಖು ಹಾಕಿದ ಸ್ವೀಕೃತಿಯನ್ನು ಬರೆಯಿಸಿಕೊಂಡು ಸಭೆಯ ಪೆಟ್ಟಿಗೆಯಲ್ಲಿ ಇಡಿರಿ. ಮಳೆ ಹಿಡಿಯುವ ಮುಂಚೆ ಹೋಗಿ ಕೇಳಬೇಕು. ಹಳ್ಳ ತುಂಬಿದ ಮೇಲೆ ಕೈಹಿಡಿ ಕಟ್ಟುವದಕ್ಕೆ ಯಾರೂ ನೀರಿಗೆ ಇಳಿಯುವದಿಲ್ಲ.